ಪ್ರೊಸೆಸರಿನ ವೇಗವರ್ಧನೆ: ಹೊಸದಾಗಿ ಕೈಹಾಕುವವರಿಗೆ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಕಂಪ್ಯೂಟರಿನ ಒಳಭಾಗದ ಮಾತೇಕೆಂದು ಕೆಲವು ವಾಚಕರು ಕೇಳಬಹುದು. ನಾನು ಇತಿಹಾಸದ ವಿದ್ಯಾರ್ಥಿ, ಯಂತ್ರಶಾಸ್ತ್ರ ಓದಿದವನಲ್ಲ. ಆದರೆ ನಮ್ಮ ವರ್ಗದಲ್ಲಿಯೇ ಹಳೆಯ ಡೆಸ್ಕ್‌ಟಾಪ್ ಕೊಂಡು ಅದರಿಂದ ಹೆಚ್ಚಿನ ಕೆಲಸ ತೆಗೆಯಬೇಕೆಂದು ಹವಣಿಸುವವರು ನಾಲ್ಕಾರು ಜನರಿದ್ದಾರೆ. ಅವರಲ್ಲಿ ಇಬ್ಬರು ನನ್ನನ್ನು ಕಂಡು, “ಓವರ್‌ಕ್ಲಾಕಿಂಗ್ ಮಾಡಿದರ ಪ್ರೊಸೆಸರ್ ಸುಟ್ಟು ಹೋಗತದೇನೋ?” ಎಂದು ಕೇಳಿದರು. ಬಹುಶಃ ಸುಡುವದಿಲ್ಲವೆಂದು ಒಂದೇ ಮಾತಿನಲ್ಲಿ ಉತ್ತರ ಕೊಡಬಹುದಾಗಿತ್ತು. ಆದರೆ ಸುಡದೆ ಇದ್ದೂ ಅದು ನಮ್ಮ ಮನೆಗೆ ಮಾಡಿದ ಹಾನಿಯನ್ನು ಬಲ್ಲವನಾದ್ದರಿಂದ, ಉತ್ತರವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕೆನಿಸಿತು.

ನಮ್ಮ ಮನೆ ಇರುವದು ಹಳೇ ಹುಬ್ಬಳ್ಳಿಯಲ್ಲಿ. ನಮ್ಮಣ್ಣ ಮದುವೆ-ಮುಂಜಿವೆಗಳ ವಿಡಿಯೋ ತೆಗೆಯುವ ಉದ್ಯೋಗ ಮಾಡುತ್ತಾನೆ. ಮನೆಯ ಖರ್ಚು ಬಹುಮಟ್ಟಿಗೆ ಅದರ ಮೇಲೆಯೇ ನಡೆಯುತ್ತದೆ. ನನ್ನ ಕಾಲೇಜಿನ ಫೀ ಕೂಡ ಅದರಿಂದಲೇ. ತೆಗೆದ ವಿಡಿಯೋವನ್ನು ಕತ್ತರಿಸಿ, ಜೋಡಿಸಿ, ಹಾಡು ಹೊಂದಿಸಿ ಕೊಡುವದಕ್ಕೆ 2023ರ ಜೂನಿನಲ್ಲಿ ಒಂದು ಬಳಸಿದ ಕಂಪ್ಯೂಟರ್ ಕೊಂಡೆವು. ಅದರಲ್ಲಿದ್ದುದು 2018ರಲ್ಲಿ ಪೇಟೆಗೆ ಬಂದ ಎ.ಎಂ.ಡಿ. ಕಂಪನಿಯ ರೈಜನ್ 5 2600 ಎಂಬ ಪ್ರೊಸೆಸರ್: ಆರು ಕೋರ್, ಮೂಲ ವೇಗ 3.4 ಗಿಗಾಹರ್ಟ್ಸ್. ಒಂದು ಮದುವೆಯ ಪೂರ್ಣ ವಿಡಿಯೋ ಸಿದ್ಧವಾಗಿ ಹೊರಬರಲು ಅದಕ್ಕೆ 2 ತಾಸು 10 ನಿಮಿಷ ಹಿಡಿಯುತ್ತಿತ್ತು. ಮಾಳಿಗೆಯ ಮೇಲಿನ ತಗಡಿನ ಕೋಣೆಯೇ ನಮ್ಮ ಸ್ಟುಡಿಯೋ. ಈ ತಗಡಿನ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಮೊದಲಿಗೆ ಈ ವೇಗವೆಂದರೇನು ಎಂಬುದನ್ನು ತಿಳಿಯುವದು ಅವಶ್ಯ. ಪ್ರೊಸೆಸರಿನ ಕೆಲಸವೆಲ್ಲ ಒಂದು ತಾಳಕ್ಕೆ ಹೊಂದಿಕೊಂಡು ನಡೆಯುತ್ತದೆ. 3.4 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 340 ಕೋಟಿ ಪೆಟ್ಟುಗಳು. ಮದರ್‌ಬೋರ್ಡು 100 ಮೆಗಾಹರ್ಟ್ಸಿನ ಒಂದು ಮೂಲ ತಾಳವನ್ನು ಕೊಡುತ್ತದೆ. ಪ್ರೊಸೆಸರು ಅದನ್ನು 34ರಿಂದ ಗುಣಿಸಿಕೊಳ್ಳುತ್ತದೆ. ಈ 34 ಎಂಬ ಗುಣಕವನ್ನು ನಾವೇ 38, 39, 40 ಎಂದು ಏರಿಸುವದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಧಾರವಾಡದ ಬೈಠಕ್ಕುಗಳಲ್ಲಿ ತಬಲಾ ಕೇಳಿದವರಿಗೆ ಇದನ್ನು ತಿಳಿಸುವದು ಕಷ್ಟವಲ್ಲ. ವಿಲಂಬಿತದಲ್ಲಿ ಪ್ರತಿಯೊಂದು ಬೋಲು ಸ್ಪಷ್ಟವಾಗಿ ನುಡಿಯುತ್ತದೆ. ದ್ರುತಕ್ಕೆ ಏರಿದಂತೆ ಒಂದು ಬೋಲು ಮುಗಿಯುವದರೊಳಗೆ ಇನ್ನೊಂದರ ಸಮಯ ಬರುತ್ತದೆ. ಕೈಯಲ್ಲಿ ಹೆಚ್ಚು ಬಲವಿದ್ದವರಿಗಷ್ಟೇ ಅದು ಸಾಧ್ಯ, ಮತ್ತು ಆ ಬಲದಿಂದ ಕೈ ಬೇಗ ದಣಿಯುತ್ತದೆ. ಪ್ರೊಸೆಸರಿನಲ್ಲಿ ಬಲದ ಸ್ಥಾನದಲ್ಲಿರುವದು ವೋಲ್ಟೇಜು. ದಣಿವಿನ ಸ್ಥಾನದಲ್ಲಿರುವದು ಶಾಖ.

ಹಾಗಾದರೆ ತಯಾರಿಸಿದವರೇ ಹೆಚ್ಚಿನ ವೇಗವನ್ನು ಏಕೆ ಇಡಲಿಲ್ಲ? ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ನೂರಾರು ಚಿಪ್ಪುಗಳಲ್ಲಿ ಎಲ್ಲವೂ ಸಮಾನವಾಗಿರುವದಿಲ್ಲ. ಒಂದು ಹೆಸರಿನಿಂದ ಮಾರುವ ಎಲ್ಲ ಚಿಪ್ಪುಗಳೂ, ಬಿಸಿ ಕೋಣೆಯಲ್ಲಿಯೂ, ವರ್ಷಗಟ್ಟಲೆ ತಪ್ಪಿಲ್ಲದೆ ನಡೆಯುವಂಥ ವೇಗವನ್ನು ಕಂಪನಿ ಅದರ ಮೇಲೆ ಬರೆಯುತ್ತದೆ. ಚೆನ್ನಾಗಿರುವ ಚಿಪ್ಪಿನಲ್ಲಿ ಇದರಿಂದ ಕೆಲಮಟ್ಟಿನ ಶಕ್ತಿ ಉಳಿದಿರುತ್ತದೆ. 1998ರಲ್ಲಿ ಬಂದ ಇಂಟೆಲ್ ಕಂಪನಿಯ ಸೆಲೆರಾನ್ 300ಎ ಎಂಬುದು ಈ ವಿಷಯದಲ್ಲಿ ಹೆಸರುವಾಸಿಯಾದದ್ದು. ಅದರ ಗುಣಕ ನಾಲ್ಕೂವರೆ, ಮೂಲ ತಾಳ 66 ಮೆಗಾಹರ್ಟ್ಸ್. ತಾಳವನ್ನು 100ಕ್ಕೆ ಏರಿಸಿದರೆ 300 ಇದ್ದದ್ದು 450 ಆಗುತ್ತಿತ್ತು, ಮತ್ತು ಬಹಳಷ್ಟು ಚಿಪ್ಪುಗಳು ಹಾಗೆಯೇ ಓಡಿದವು. ಅಂಥ ಕಾಲ ಈಗ ಇಲ್ಲ. ಈಗಿನ ಪ್ರೊಸೆಸರುಗಳು ಉಳಿದ ಶಕ್ತಿಯನ್ನು ತಾವೇ ಬೂಸ್ಟ್ ಎಂಬ ಹೆಸರಿನಲ್ಲಿ ಬಳಸಿಕೊಳ್ಳುತ್ತವೆ. ನಮ್ಮ 2600 ಕೂಡ ಒಂದು ಕೋರ್ ಮಾತ್ರ ದುಡಿಯುವಾಗ 3.9ರವರೆಗೆ ತಾನಾಗಿ ಏರುತ್ತದೆ. ಆರೂ ಕೋರ್ ದುಡಿಯುವಾಗ ನಾನು ಕಂಡದ್ದು ಸುಮಾರು 3.7. ಗುಣಕವನ್ನು ನಾವು ಕೈಯಿಂದ ಕಟ್ಟಿಹಾಕಿದರೆ ಈ ತಾನಾಗಿ ಏರುವ ಗುಣ ನಿಂತುಹೋಗುತ್ತದೆ. ಆದ್ದರಿಂದ ಎಲ್ಲ ಕೋರುಗಳನ್ನೂ 3.8ಕ್ಕೆ ನಿಲ್ಲಿಸಿ ಹಿಗ್ಗುವವನು ಒಂದೇ ಕೋರಿನ ಕೆಲಸಗಳಲ್ಲಿ ಮೊದಲಿಗಿಂತ ಹಿಂದೆ ಬಿದ್ದಿರುತ್ತಾನೆ.

ಇನ್ನು ಲೆಕ್ಕ. ಪ್ರೊಸೆಸರು ದುಡಿಯುವಾಗ ಹುಟ್ಟುವ ಶಾಖವು ವೇಗಕ್ಕೆ ತಕ್ಕಂತೆಯೂ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ನಮ್ಮಲ್ಲಿ 3.7 ವೇಗಕ್ಕೆ ಸುಮಾರು 1.2 ವೋಲ್ಟ್ ಸಾಕಾಗುತ್ತಿತ್ತು, 4.0ಕ್ಕೆ 1.3 ಬೇಕಾಯಿತು. ವೇಗ ಹೆಚ್ಚಿದ್ದು ನೂರಕ್ಕೆ 8. ಶಾಖವಾದರೋ ನೂರಕ್ಕೆ ಸುಮಾರು 27 ಹೆಚ್ಚಿತು. ಎಂಟರ ಲಾಭಕ್ಕೆ ಇಪ್ಪತ್ತೇಳರ ಸುಂಕ! ವೇಗವೆಂಬುದು ತನ್ನಷ್ಟಕ್ಕೆ ಚಿಪ್ಪನ್ನು ಕೆಡಿಸುವದಿಲ್ಲ. ಕೆಡಿಸುವವು ವೋಲ್ಟೇಜು ಮತ್ತು ಶಾಖ. ಹೊಸಬರು ಮನದಟ್ಟು ಮಾಡಿಕೊಳ್ಳಬೇಕಾದ ಮೊದಲನೆಯ ಮಾತು ಇದು.

ಕೈಹಾಕುವ ಮೊದಲು ತಮ್ಮ ಸಾಮಾನು ಇದಕ್ಕೆ ಒಪ್ಪುವದೋ ಇಲ್ಲವೋ ನೋಡಿಕೊಳ್ಳಬೇಕು. ರೈಜನ್ ಪ್ರೊಸೆಸರುಗಳಲ್ಲಿ ಹೆಚ್ಚಿನವುಗಳ ಗುಣಕ ತೆರೆದಿರುತ್ತದೆ. ಆದರೆ ಎ320 ಚಿಪ್‌ಸೆಟ್ಟಿನ ಮದರ್‌ಬೋರ್ಡು ಅದನ್ನು ಏರಿಸಗೊಡುವದಿಲ್ಲ, ಬಿ450 ಏರಿಸಗೊಡುತ್ತದೆ. ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಹೆಸರಿನ ಕೊನೆಗೆ ‘ಕೆ’ ಅಕ್ಷರವಿರುವ ಪ್ರೊಸೆಸರು ಮತ್ತು ‘ಝಡ್’ ಸರಣಿಯ ಮದರ್‌ಬೋರ್ಡು ಎರಡೂ ಬೇಕು. ಲ್ಯಾಪ್‌ಟಾಪಿನ ತಂಟೆಗೆ ಹೋಗಬೇಡಿರಿ. ಅದರಲ್ಲಿ ಶಾಖ ಹೊರಹೋಗಲು ಸ್ಥಳವೇ ಇರುವದಿಲ್ಲ. ವಾರಂಟಿ ಇನ್ನೂ ಉಳಿದಿದ್ದರೆ ಈ ಕೆಲಸದಿಂದ ಅದು ಹೋಗಬಹುದೆಂಬುದನ್ನೂ ತಿಳಿದಿರಬೇಕು. ನಮ್ಮದು ಬಳಸಿದ ಸಾಮಾನು; ಹೋಗಲು ವಾರಂಟಿ ಇರಲಿಲ್ಲ.

ಅನಂತರ ಧೂಳು. ಹುಬ್ಬಳ್ಳಿಯ ಧೂಳಿನ ಬಗ್ಗೆ ನಾನು ಹೊಸದಾಗಿ ಹೇಳಬೇಕಾದದ್ದೇನೂ ಇಲ್ಲ. ಪೆಟ್ಟಿಗೆ ತೆರೆದಾಗ ಫ್ಯಾನಿನ ಅಲಗುಗಳ ಮೇಲೆ ಅರಿವೆಯಂತೆ ಹಾಸಿದ್ದ ಧೂಳನ್ನು ತೆಗೆದದ್ದರಿಂದಲೇ ಶಾಖವು 6 ಡಿಗ್ರಿ ಇಳಿಯಿತು. ಪ್ರೊಸೆಸರಿನೊಂದಿಗೆ ಬಂದ ಚಿಕ್ಕ ಕೂಲರಿನ ಬದಲು, ತಾಮ್ರದ ಕೊಳವೆಗಳೂ ದೊಡ್ಡ ಫ್ಯಾನೂ ಇರುವ ಗೋಪುರದ ಆಕಾರದ ಕೂಲರನ್ನು ಎರಡು ಸಾವಿರ ರೂಪಾಯಿಯ ಒಳಗೆ ತಂದೆವು. ಹಳೆಯ ಕೂಲರು ತೆಗೆಯುವಾಗ ಒಂದು ಎಚ್ಚರಿಕೆ: ನಡುವಿನ ಪೇಸ್ಟು ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ನೇರವಾಗಿ ಮೇಲಕ್ಕೆ ಎಳೆದರೆ ಈ ಜಾತಿಯ ಪ್ರೊಸೆಸರು ಕೂಲರಿನೊಂದಿಗೆ ಕಿತ್ತುಬಂದು ಕೆಳಗಿನ ಕಾಲುಗಳು ಬಾಗುವ ಸಂಭವವಿದೆ. ಕಂಪ್ಯೂಟರನ್ನು ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ, ಬಂದ್ ಮಾಡಿ, ತಂತಿ ಕಿತ್ತು, ಕೂಲರನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ತಿರುವಿ ಸಡಿಲಿಸಿ ತೆಗೆಯಬೇಕು. ಹೊಸ ಪೇಸ್ಟು ಬಟಾಣಿ ಕಾಳಿನಷ್ಟು ಸಾಕು.

ವೇಗ ಏರಿಸುವ ಮೊದಲು, ಏರಿಸದೆ ಇರುವ ಸ್ಥಿತಿಯನ್ನು ಅಳೆದಿಡಬೇಕು. ನಾನು ಒಂದು ವಹಿ ಮಾಡಿದೆ. ಎಚ್‌ಡಬ್ಲ್ಯುಇನ್ಫೋ ಎಂಬ ಪುಕ್ಕಟೆ ತಂತ್ರಾಂಶವು ಶಾಖ, ವೇಗ, ವೋಲ್ಟೇಜು ಮೂರನ್ನೂ ತೋರಿಸುತ್ತದೆ. ಪರೀಕ್ಷೆಗೆ ಪ್ರೈಮ್95 ಎಂಬುದು. ಇದು ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವದಕ್ಕಾಗಿ 1996ರಲ್ಲಿ ಆರಂಭವಾದ ಕಾರ್ಯದ ತಂತ್ರಾಂಶ. ಉತ್ತರ ಮೊದಲೇ ಗೊತ್ತಿರುವ ದೊಡ್ಡ ಲೆಕ್ಕಗಳನ್ನು ಪ್ರೊಸೆಸರಿನಿಂದ ಮಾಡಿಸಿ, ಬಂದ ಉತ್ತರವನ್ನು ತಾಳೆ ನೋಡುವದು ಇದರ ಪರೀಕ್ಷಾ ಕ್ರಮ. ತಪ್ಪು ಕಂಡರೆ ಹಾಗೆಂದು ಬರೆದು ಆ ಕೆಲಸವನ್ನು ನಿಲ್ಲಿಸುತ್ತದೆ.

ಕಂಪ್ಯೂಟರು ಆರಂಭವಾಗುವಾಗ ಡಿಲೀಟ್ ಅಥವಾ ಎಫ್2 ಕೀಲಿ ಒತ್ತಿದರೆ ಬಯಾಸ್ ತೆರೆಯುತ್ತದೆ. ಅಲ್ಲಿ ಏನನ್ನೂ ಮುಟ್ಟುವ ಮೊದಲು ಎಲ್ಲ ಪುಟಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡೆ. ಹಿಂದಿರುಗುವ ದಾರಿಯನ್ನೂ ಮೊದಲೇ ಕಲಿತೆ: ಕಂಪ್ಯೂಟರು ಏಳದೆ ಹೋದರೆ ತಂತಿ ಕಿತ್ತು, ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟು ಮತ್ತೆ ಹಾಕಿದರೆ ಬಯಾಸ್ ಮೊದಲಿನ ಸ್ಥಿತಿಗೆ ಬರುತ್ತದೆ. ಕೆಲವು ಬೋರ್ಡುಗಳಲ್ಲಿ ಇದಕ್ಕಾಗಿಯೇ ಎರಡು ಮೊಳೆಗಳಿರುತ್ತವೆ. ಇದನ್ನು ಒಮ್ಮೆ ಮಾಡಿನೋಡಿ ಕೈ ಪಳಗಿದ ಮೇಲೆಯೇ ನಾನು ಮುಂದಕ್ಕೆ ಹೋದದ್ದು.

ಮುಂದಿನ ಕೆಲಸ ತಾಳ್ಮೆಯದು. ಮೆಮರಿಯ ವೇಗವನ್ನು ಮುಟ್ಟದೆ, ವೋಲ್ಟೇಜನ್ನು ‘ಆಟೋ’ದಿಂದ ತೆಗೆದು ಒಂದು ಅಂಕಿಗೆ ನಿಲ್ಲಿಸಿ, ಗುಣಕವನ್ನು ಮಾತ್ರ ಅರ್ಧರ್ಧ ಏರಿಸುತ್ತ ಹೋಗಬೇಕು. ಆಟೋದಲ್ಲಿ ಬಿಟ್ಟರೆ ಮದರ್‌ಬೋರ್ಡು ತನ್ನ ಧಾರಾಳತನದಿಂದ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜು ಕೊಡುವದುಂಟು. ಪ್ರತಿ ಸಲವೂ ಒಂದನ್ನೇ ಬದಲಿಸಿ, ಹದಿನೈದು ನಿಮಿಷ ಪರೀಕ್ಷಿಸಿ, ವಹಿಯಲ್ಲಿ ಬರೆದೆ. ನೀಲಿ ಪರದೆ ಬಂದರೆ, ಕಂಪ್ಯೂಟರು ಸ್ತಬ್ಧವಾದರೆ, ತಾನಾಗಿ ಮತ್ತೆ ಆರಂಭವಾದರೆ, ಅಥವಾ ಪ್ರೈಮ್95 ತಪ್ಪು ತೋರಿಸಿದರೆ ಆ ಮೆಟ್ಟಿಲು ನಿಲ್ಲಲಿಲ್ಲವೆಂದು ಅರ್ಥ. ಆಗ ಒಂದೋ ವೇಗ ಇಳಿಸಬೇಕು, ಇಲ್ಲವೆ ವೋಲ್ಟೇಜನ್ನು ಕೂದಲೆಳೆಯಷ್ಟು ಏರಿಸಬೇಕು. (ಎರಡು ಸಲ ನಾನು ಕರೆಂಟು ಹೋದದ್ದನ್ನೇ ಪ್ರೊಸೆಸರಿನ ಸೋಲೆಂದು ಬರೆದಿದ್ದೆ! ಯು.ಪಿ.ಎಸ್. ಇಲ್ಲದೆ ಈ ಪರೀಕ್ಷೆಗೆ ಅರ್ಥವಿಲ್ಲ.) ಈ ಪ್ರೊಸೆಸರಿಗೆ ಏನೇ ಆದರೂ 1.35 ವೋಲ್ಟ್ ದಾಟಬಾರದೆಂದು ನನಗೆ ನಾನೇ ಗೆರೆ ಹಾಕಿಕೊಂಡೆ. ಬೇರೆ ಪ್ರೊಸೆಸರಿನ ಗೆರೆ ಬೇರೆ; ನನ್ನ ಅಂಕಿಯನ್ನು ಯಾರೂ ಹಾಗೆಯೇ ಎತ್ತಿಕೊಳ್ಳಬಾರದು.

2023ರ ಆಗಸ್ಟಿನಲ್ಲಿ, ಹೊರಗೆ ಜಿಟಿಜಿಟಿ ಮಳೆ ಹಿಡಿದಿದ್ದ ಒಂದು ರಾತ್ರಿ, 1.3 ವೋಲ್ಟಿನಲ್ಲಿ 4.0 ಗಿಗಾಹರ್ಟ್ಸ್ ನಿಂತಿತು. ಪರೀಕ್ಷೆಯಲ್ಲಿ ಶಾಖ 72 ಡಿಗ್ರಿ. ವಿಡಿಯೋ ಹೊರಬರಲು 2 ತಾಸು 10 ನಿಮಿಷದ ಬದಲು ಸರಿಯಾಗಿ 2 ತಾಸು. ಅಣ್ಣನು ಬೆನ್ನು ಚಪ್ಪರಿಸಿದನು. ದೀಪಾವಳಿ, ಸಂಕ್ರಾಂತಿ ದಾಟಿದವು. ಒಂದು ದಿನವೂ ತೊಂದರೆಯಿಲ್ಲ. ಇಪ್ಪತ್ತು ನಿಮಿಷದ ಕೊನೆಯ ಪರೀಕ್ಷೆಯೊಂದನ್ನು ಮಾಡಿ ಕೆಲಸ ಮುಗಿಯಿತೆಂದು ನಾನು ವಹಿಯನ್ನು ಮುಚ್ಚಿಟ್ಟಿದ್ದೆ.

ನಮ್ಮ ಕಡೆ ಲಗ್ನಸರಾಯಿಯೂ ಬಿಸಿಲೂ ಜೊತೆಗೂಡಿ ಬರುತ್ತವೆ. 2024ರ ಏಪ್ರಿಲ್ ಕೊನೆಯಲ್ಲಿ ಒಂದೇ ವಾರದೊಳಗೆ ಅಣ್ಣನಿಗೆ ನಾಲ್ಕು ಮದುವೆಗಳು. ಒಂದು ದಿನ ಮಧ್ಯಾಹ್ನ, ಹಿಂದಿನ ಮದುವೆಯ ವಿಡಿಯೋ ಹೊರಬರುತ್ತಿರುವಾಗಲೇ, ಹೊಸ ಮದುವೆಯ ಕಾರ್ಡನ್ನು ಕಂಪ್ಯೂಟರಿಗೆ ನಕಲು ಮಾಡಲು ಹಚ್ಚಿದೆ. ನಡುವೆ ಒಮ್ಮೆ ನೀಲಿ ಪರದೆ ಬಂದಿತು. ಮತ್ತೆ ಆರಂಭಿಸಿ, ಮತ್ತೆ ನಕಲು ಮಾಡಿದೆ. ಮುಗಿಯಿತೆಂದು ಕಂಪ್ಯೂಟರು ಹೇಳಿತು. ಸಂಜೆ ಇನ್ನೊಂದು ಮದುವೆಗೆ ಕಾರ್ಡು ಬೇಕಾಗಿತ್ತು. ಅದನ್ನು ಅಳಿಸಿ ಅಣ್ಣನ ಕೈಗೆ ಕೊಟ್ಟವನು ನಾನೇ.

ಎರಡು ದಿನಗಳ ಮೇಲೆ ತೆರೆದು ನೋಡಿದರೆ ಅಕ್ಕಿಕಾಳಿನ ಭಾಗ ಸರಿಯಾಗಿತ್ತು. ಸುರಗಿಯ ಭಾಗದ ಮೂರು ಕಡತಗಳು ತೆರೆಯಲೊಲ್ಲವು. ಹೆಸರು ಸರಿ, ಗಾತ್ರ ಸರಿ, ಒಳಗಿನ ಅಂಕಿಗಳು ಕೆಟ್ಟಿದ್ದವು. ಮದುಮಗಳ ಅಜ್ಜಿ ಆರತಿ ಎತ್ತಿದ ದೃಶ್ಯ ಅದರಲ್ಲಿತ್ತಂತೆ. ಅಣ್ಣನು ಅವರ ಮನೆಗೆ ಹೋಗಿ ಕೈಮುಗಿದು, ಹಣದಲ್ಲಿ ಒಂದು ಪಾಲು ಹಿಂದಿರುಗಿಸಿ ಬಂದನು. ಬೀಗರಲ್ಲೊಬ್ಬರ ಮೊಬೈಲಿನಲ್ಲಿ ಸಿಕ್ಕ ನಲವತ್ತು ಸೆಕೆಂಡಿನ ತುಣುಕೊಂದನ್ನು ಅಲ್ಲಿಗೆ ಹೊಂದಿಸಿದೆವು. ನನ್ನನ್ನು ಅವನು ಬಯ್ಯಲಿಲ್ಲ. “ತಮ್ಮಾ, ಹತ್ತು ಮಿನಿಟು ಉಳಿಸಾಕ ಹೋಗಿ ಇಷ್ಟ ಆತು ನೋಡು” ಎಂದಷ್ಟೇ ಅಂದನು. ಬೈದಿದ್ದರೆ ವಾಸಿಯಿತ್ತು.

ಆ ರಾತ್ರಿ ವಹಿಯನ್ನು ಮತ್ತೆ ತೆರೆದೆ. ತಗಡಿನ ಕೋಣೆಯಲ್ಲಿ ಆಗ 36 ಡಿಗ್ರಿ. ಆಗಸ್ಟಿನ ಪರೀಕ್ಷೆಯ ರಾತ್ರಿ 24 ಇತ್ತು. ಕೂಲರೆಂಬುದು ಶಾಖವನ್ನು ಕೋಣೆಯ ಗಾಳಿಗೆ ದಾಟಿಸುತ್ತದೆಯೇ ಹೊರತು ನುಂಗಿಬಿಡುವದಿಲ್ಲ. ಪ್ರೊಸೆಸರು ಕೋಣೆಗಿಂತ ಇಂತಿಷ್ಟು ಡಿಗ್ರಿ ಮೇಲೆ ಇರುವದೆಂಬುದೇ ಸರಿಯಾದ ಲೆಕ್ಕ. ಆಗಸ್ಟಿನಲ್ಲಿ 24ರ ಮೇಲೆ 48, ಒಟ್ಟು 72. ಏಪ್ರಿಲಿನಲ್ಲಿ 36ರ ಮೇಲೆ ಅದೇ 48, ಒಟ್ಟು 84. ಮಧ್ಯಾಹ್ನ ತಗಡು ಕಾದಾಗ ಇನ್ನೂ ಮೇಲೆ. ಬಿಸಿಯಾದಂತೆ ಚಿಪ್ಪಿನೊಳಗಿನ ಸಂಕೇತಗಳ ಓಟ ಮಂದವಾಗಿ, ಅದೇ ವೇಗಕ್ಕೆ ಮೊದಲಿನ ವೋಲ್ಟೇಜು ಸಾಲದಾಗುತ್ತದೆ. ಪ್ರೈಮ್95 ಹಚ್ಚಿದೆ. ಏಳನೆಯ ನಿಮಿಷಕ್ಕೆ ತಪ್ಪು ತೋರಿಸಿತು. ಗುಣಕವನ್ನು ಕಂಪನಿಯ ಸ್ಥಿತಿಗೆ ಇಳಿಸಿ ಬೆಳಗಿನವರೆಗೆ ಓಡಿಸಿದೆ, ಒಂದೂ ತಪ್ಪಿಲ್ಲ.

ಈಗ ಗೆಳೆಯರ ಪ್ರಶ್ನೆಗೆ ಬರುತ್ತೇನೆ. ಸುಡುವ ಭಯಕ್ಕೆ ಪ್ರೊಸೆಸರೇ ಕಾವಲು ಇಟ್ಟುಕೊಂಡಿದೆ. ನಮ್ಮ 2600ರ ಶಾಖದ ಮಿತಿ 95 ಡಿಗ್ರಿ. ಅದರ ಹತ್ತಿರ ಹೋದರೆ ತಾನೇ ವೇಗ ಇಳಿಸುತ್ತದೆ, ಮೀರಿದರೆ ಬಂದಾಗುತ್ತದೆ. ಆದರೆ 84 ಡಿಗ್ರಿಯಲ್ಲಿ, ಯಾವ ಗಂಟೆಯೂ ಬಾರಿಸದೆ, ಕೋಟ್ಯಂತರ ಲೆಕ್ಕಗಳಲ್ಲಿ ಒಂದನ್ನು ತಪ್ಪು ಮಾಡಿದರೆ ಅದನ್ನು ಹಿಡಿಯುವ ಕಾವಲು ನಮ್ಮಂಥ ಕಂಪ್ಯೂಟರುಗಳಲ್ಲಿ ಇಲ್ಲವೆಂದೇ ಹೇಳಬಹುದು. ನೀಲಿ ಪರದೆ ಬಂದದ್ದು ವಾಸ್ತವವಾಗಿ ಉಪಕಾರವಾಗಿತ್ತು. ಆ ಉಪಕಾರವನ್ನು ನಾನು ಅಲಕ್ಷಿಸಿದೆ.

ವೋಲ್ಟೇಜಿನ ಹಾನಿಯಾದರೋ ಇನ್ನೂ ನಿಧಾನವಾದದ್ದು. ಅದೇ 2024ರಲ್ಲಿ ಇಂಟೆಲ್ ಕಂಪನಿಯ 13 ಮತ್ತು 14ನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಕೆಲವು ಕಾರಣವಿಲ್ಲದೆ ಸ್ತಬ್ಧವಾಗುತ್ತಿರುವ ವಿಷಯ ಜಗತ್ತಿನಲ್ಲೆಲ್ಲ ಚರ್ಚೆಯಾಯಿತು. ಪ್ರೊಸೆಸರು ಬೇಕಾದ್ದಕ್ಕಿಂತ ಹೆಚ್ಚಿನ ವೋಲ್ಟೇಜನ್ನು ಕೇಳಿಕೊಳ್ಳುತ್ತಿತ್ತೆಂದು ಕಂಪನಿಯೇ ಒಪ್ಪಿ, ಆಗಸ್ಟಿನಲ್ಲಿ ತಿದ್ದುಪಡಿ ಹೊರಡಿಸಿ, ವಾರಂಟಿಯನ್ನು ಎರಡು ವರ್ಷ ಮುಂದುವರಿಸಿತು. ಆ ತಿದ್ದುಪಡಿಯು ಮುಂದಿನ ಹಾನಿಯನ್ನು ತಡೆಯುವದಾಗಿತ್ತು; ಅಷ್ಟರೊಳಗೆ ಸವೆದ ಚಿಪ್ಪನ್ನು ಸರಿಪಡಿಸುವಂತಿರಲಿಲ್ಲ. ಬಯಾಸ್ ಮುಟ್ಟದವರಿಗೂ ಇಂಥ ಕಷ್ಟ ಬಂದಿರುವಾಗ, ತಾವಾಗಿ ವೋಲ್ಟೇಜು ಏರಿಸುವವರು ಎಷ್ಟು ಹಿಂಜರಿದರೂ ಕಡಿಮೆಯೇ.

ಮೇ ತಿಂಗಳ ನಡುಹಗಲಿನಲ್ಲಿ, ಬೇಕೆಂದೇ ಕಿಟಕಿ ಮುಚ್ಚಿ, ನಾನು ಮತ್ತೆ ಮೊದಲಿನಿಂದ ಪರೀಕ್ಷಿಸಿದೆ. 3.9 ವೇಗಕ್ಕೆ 1.25 ವೋಲ್ಟ್ ಸಾಕಾಯಿತು. ಶಾಖ ನೂರಕ್ಕೆ ಹತ್ತರಷ್ಟು ಕಡಿಮೆ. ಕೋಣೆಯ ಮೇಲೆ 48ರ ಬದಲು 43 ಡಿಗ್ರಿ. 36 ಡಿಗ್ರಿಯ ಕೋಣೆಯಲ್ಲಿ 79. ಎಂಟು ತಾಸಿನ ಪರೀಕ್ಷೆಯಲ್ಲಿ ತಪ್ಪಿಲ್ಲ. ವಿಡಿಯೋ ಹೊರಬರಲು 2 ತಾಸು 3 ನಿಮಿಷ. ಅಂದರೆ ಇಷ್ಟೆಲ್ಲ ಪರಿಶ್ರಮದ ನಿವ್ವಳ ಲಾಭ 7 ನಿಮಿಷ! ಸತ್ಯ ಹೇಳುವದಾದರೆ, ಅದೇ ತಿಂಗಳು 8 ಜಿಬಿ ಇದ್ದ ಮೆಮರಿಯನ್ನು 16 ಮಾಡಿದ್ದರಿಂದ ಅಣ್ಣನ ದಿನದ ಕೆಲಸ ಇದಕ್ಕಿಂತ ಎಷ್ಟೋ ಹಗುರಾಯಿತು. ಮೊದಲು ಅದನ್ನೇ ಮಾಡಬೇಕಾಗಿತ್ತು. ಆದರೂ ಈ ವಿದ್ಯೆ ಕಲಿತದ್ದಕ್ಕೆ ನನಗೆ ಬೇಸರವಿಲ್ಲ. ಶಾಖ, ವೋಲ್ಟೇಜು, ವೇಗ ಇವುಗಳ ಸಂಬಂಧವನ್ನು ಯಾವ ಪುಸ್ತಕದಿಂದಲೂ ನಾನು ಇಷ್ಟು ಚೆನ್ನಾಗಿ ತಿಳಿಯುತ್ತಿರಲಿಲ್ಲ.

ಕಾರ್ಡಿನ ವಿಷಯದಲ್ಲಿ ಮನೆಯ ಪದ್ಧತಿಯೇ ಬದಲಾಗಿದೆ. ನಕಲಾದ ಮೇಲೆ ಮೂಲದ ಮತ್ತು ನಕಲಿನ ಚೆಕ್‌ಸಮ್ ತೆಗೆದು ತಾಳೆ ನೋಡುತ್ತೇವೆ. ಚೆಕ್‌ಸಮ್ ಎಂದರೆ ಕಡತದ ಎಲ್ಲ ಅಂಕಿಗಳಿಂದ ಲೆಕ್ಕಹಾಕಿ ತೆಗೆದ ಒಂದು ಗುರುತಿನ ಸಂಖ್ಯೆ. ಒಳಗೆ ಒಂದು ಅಂಕಿ ಬದಲಾದರೂ ಗುರುತು ಬದಲಾಗುತ್ತದೆ. ಅದು ಹೊಂದಿ, ಇನ್ನೊಂದು ಡಿಸ್ಕಿಗೂ ನಕಲಾಗುವವರೆಗೆ ಕಾರ್ಡನ್ನು ಅಳಿಸುವದಿಲ್ಲ. ಇದಕ್ಕಾಗಿ ನಾಲ್ಕು ಕಾರ್ಡು ಹೆಚ್ಚಿಗೆ ಕೊಂಡಿದ್ದೇವೆ.

ಬಯಾಸಿನಲ್ಲಿ ಈಗ ಎರಡು ಪ್ರೊಫೈಲುಗಳನ್ನು ಉಳಿಸಿಟ್ಟಿದ್ದೇನೆ: ಒಂದು 3.9ರದು, ಇನ್ನೊಂದು ಕಂಪನಿಯದು. ನನ್ನ ಲೆಕ್ಕದ ಪ್ರಕಾರ 3.9 ವರ್ಷವಿಡೀ ನಡೆಯಬಲ್ಲದು. ವಹಿ ತೋರಿಸಿ ಅಣ್ಣನಿಗೆ ಹಲವು ಸಲ ಹೇಳಿದ್ದೇನೆ. ಅವನು ಒಪ್ಪಲಿಲ್ಲ. ಉಗಾದಿಯ ದಿನ ಬೇವು-ಬೆಲ್ಲ ತಿಂದು ಮಾಳಿಗೆ ಹತ್ತುವಾಗಲೇ, “ಇಳಿಸಿದಿ ಏನೋ?” ಎಂದು ಕೇಳುತ್ತಾನೆ. “ಇಳಿಸೇನಿ ಅಣ್ಣಾ” ಎನ್ನುತ್ತೇನೆ. ಮಿರಗದ ಮಳೆ ಬಿದ್ದು ತಗಡು ತಣ್ಣಗಾದ ಮೇಲೆ, ಅವನ ಅಪ್ಪಣೆ ಪಡೆದು, ಮತ್ತೆ ಏರಿಸುತ್ತೇನೆ.